ಚಳಿಗಾಲದಲ್ಲಿ ಅಡಿಗೆ ಅನಿಲದ ಸಿಲಿಂಡರುಗಳ ಸಾಗಾಣಿಕೆ

ಕಾರ್ತಿಕ ಮಾಸವು ಕಳೆದು ಮಾರ್ಗಶಿರವು ಮೊದಲಾಗುವ ಹೊತ್ತಿಗೆ ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ಅಡಿಗೆ ಅನಿಲದ ಸಿಲಿಂಡರುಗಳನ್ನು ಹೇರಿಕೊಂಡು ಹೋಗುವ ವಾಹನಗಳು ಪದೇಪದೇ ಕಣ್ಣಿಗೆ ಬೀಳತೊಡಗುತ್ತವೆ. ಮದುವೆಯ ಮನೆಗಳಿಗೆ ನಾಲ್ಕಾರು ದೊಡ್ಡ ಸಿಲಿಂಡರುಗಳು ಒಟ್ಟಿಗೆ ಬರುತ್ತವೆ. ಧನುರ್ಮಾಸದಲ್ಲಿ ಈ ಓಡಾಟವು ಸ್ವಲ್ಪ ತಗ್ಗಿದರೂ, ಸಂಕ್ರಾಂತಿ ಕಳೆದೊಡನೆ ಜಾತ್ರೆ, ರಥೋತ್ಸವ, ಅನ್ನಸಂತರ್ಪಣೆಗಳ ನಿಮಿತ್ತವಾಗಿ ಮತ್ತೆ ಹೆಚ್ಚುತ್ತದೆ. ಕೋಳಿಗಳನ್ನು ಸಾಕುವವರು ಮರಿಗಳನ್ನು ಬೆಚ್ಚಗಿಡುವುದಕ್ಕಾಗಿ ಅನಿಲವನ್ನು ಉರಿಸುವ ಕಾಲವೂ ಇದೇ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಕಾಫಿಯ ಕುಯ್ಲಿಗೆ ಬಂದ ಆಳುಗಳು ಲೈನುಮನೆಗಳಲ್ಲಿ ಬಿಡಾರ ಮಾಡುವುದರಿಂದ ಅಲ್ಲಿಗೂ ಸಿಲಿಂಡರುಗಳು ಹೋಗಬೇಕಾಗುತ್ತವೆ.

ಇವುಗಳಲ್ಲಿ ಹೆಚ್ಚಿನವು ಅನಿಲ ಸರಬರಾಜು ಮಾಡುವ ವಿತರಕರ ವಾಹನಗಳಲ್ಲಿ ಬರುತ್ತವೆಯಾದರೂ, ದಾರಿಯಿಂದ ಒಳಗೆ ದೂರವಾಗಿರುವ ಹಳ್ಳಿಗಳಿಗೂ ಒಂಟಿಮನೆಗಳಿಗೂ ಅವು ಬಹುಮಟ್ಟಿಗೆ ರೈತರ ಟ್ರ್ಯಾಕ್ಟರು, ಜೀಪು, ಆಟೋರಿಕ್ಷಾ ಅಥವಾ ಸ್ವಂತ ಕಾರುಗಳಲ್ಲಿಯೇ ಹೋಗತಕ್ಕವು. ಇಂತಹ ಸಾಗಾಣಿಕೆಯಲ್ಲಿ ಅನುಸರಿಸಬೇಕಾದ ಕ್ರಮವನ್ನು ಗ್ರಾಮದ ಮುಖಂಡರೂ ಜಮೀನ್ದಾರರೂ ತಾವು ಮೊದಲು ತಿಳಿದುಕೊಂಡು, ತಮ್ಮ ಆಳುಕಾಳುಗಳಿಗೂ ವಾಹನ ನಡೆಸುವವರಿಗೂ ತಿಳಿಯಹೇಳುವುದು ಅವಶ್ಯಕವಾಗಿದೆ.

ಬೇಸಗೆಯಲ್ಲಿ ಸಿಲಿಂಡರಿನ ವಿಷಯದಲ್ಲಿ ಜನರು ತಾವಾಗಿಯೇ ಎಚ್ಚರದಿಂದಿರುತ್ತಾರೆ. ಬಿಸಿಲಿಗೆ ಕಾಯಬಾರದೆಂದು ನೆರಳಿಗೆ ಎಳೆಯುತ್ತಾರೆ, ಒದ್ದೆಗೋಣಿ ಹೊದಿಸುವವರೂ ಉಂಟು. ಚಳಿಗಾಲದಲ್ಲಿಯಾದರೋ “ಈ ಥಂಡಿಯಲ್ಲಿ ಗ್ಯಾಸು ಮಲಗಿರುತ್ತದೆ, ಏನೂ ಆಗುವುದಿಲ್ಲ” ಎಂಬ ಭಾವನೆ ಅನೇಕರಲ್ಲಿದೆ. ಈ ಮಾತಿನಲ್ಲಿ ಸ್ವಲ್ಪಮಾತ್ರ ಸತ್ಯವಿದೆ. ಚಳಿಯು ಅನಿಲದ ಒತ್ತಡವನ್ನು ತಗ್ಗಿಸುವುದು ನಿಜ. ಆದರೆ ಚಳಿಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ನಾವು ಮಾಡುವ ಕೆಲಸಗಳು, ಎಂದರೆ ಕಿಟಕಿಗಳನ್ನು ಮುಚ್ಚುವುದು, ಟಾರ್ಪಾಲು ಬಿಗಿಯುವುದು, ಬೀಡಿ ಹಚ್ಚುವುದು, ಬೆಂಕಿ ಕಾಯಿಸುವುದು, ಇವೇ ಮೊದಲಾದವು ಆ ತಗ್ಗಿದ ಒತ್ತಡದಿಂದ ದೊರೆತ ಅಲ್ಪ ಲಾಭವನ್ನು ಅಳಿಸಿಹಾಕಿ, ಅದರ ಹತ್ತರಷ್ಟು ಅಪಾಯವನ್ನು ತಂದೊಡ್ಡುತ್ತವೆ.

ಅನಿಲದ ಸ್ವಭಾವ

ಸಿಲಿಂಡರಿನೊಳಗೆ ಇರತಕ್ಕದ್ದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣವು. ಒತ್ತಡಕ್ಕೆ ಒಳಪಡಿಸಿದಾಗ ಇವು ನೀರಿನಂತೆ ದ್ರವರೂಪವನ್ನು ಹೊಂದುತ್ತವೆ. ಸಿಲಿಂಡರನ್ನು ಅಲ್ಲಾಡಿಸಿದಾಗ ಒಳಗೆ ಕುಲುಕಾಡುವ ಶಬ್ದವು ಈ ದ್ರವದ್ದೇ. ಒತ್ತಡವಿಲ್ಲದ ಬಯಲಿನಲ್ಲಿ ಪ್ರೊಪೇನ್ ಸೊನ್ನೆಗಿಂತ ೪೨ ಡಿಗ್ರಿ ಸೆಂಟಿಗ್ರೇಡು ಕೆಳಗಿನ ಶೈತ್ಯದಲ್ಲಿಯೇ ಕುದಿದು ಆವಿಯಾಗುತ್ತದೆ. ಬ್ಯೂಟೇನ್ ಹೆಚ್ಚು ಕಡಿಮೆ ನೀರು ಹೆಪ್ಪುಗಟ್ಟುವ ಶೈತ್ಯದಲ್ಲಿ ಕುದಿಯುತ್ತದೆ. ನಮ್ಮ ಸೀಮೆಯಲ್ಲಿ ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ಕೆಲವು ಬೆಳಗುಗಳು ೧೦ ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ೧೦–೧೨ ಡಿಗ್ರಿಯ ಬೆಳಗುಗಳು ಅಪರೂಪವಲ್ಲ. ನಮಗೆ ಹಲ್ಲು ಕಡಿಯುವಂತಹ ಈ ಚಳಿಯು ಪ್ರೊಪೇನಿನ ಮಟ್ಟಿಗೆ ಸುಡುವ ಬೇಸಗೆಗೆ ಸಮಾನವೆಂದು ಹೇಳಬಹುದು.

ಪ್ರೊಪೇನ್ ಒಂದನ್ನೇ ತುಂಬಿದ ಪಾತ್ರೆಯಲ್ಲಿ ೪೦ ಡಿಗ್ರಿಯ ಬೇಸಗೆಯಲ್ಲಿ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ೧೩ ಪಟ್ಟು ಒತ್ತಡವಿರುತ್ತದೆ. ೧೦ ಡಿಗ್ರಿಯ ಚಳಿಯಲ್ಲಿಯೂ ಅದು ೬ ಪಟ್ಟಿಗಿಂತ ಕೆಳಗೆ ಇಳಿಯುವುದಿಲ್ಲ. ಬ್ಯೂಟೇನಿನ ಒತ್ತಡವು ಇದಕ್ಕಿಂತ ಬಹಳ ಕಡಿಮೆ. ೧೦ ಡಿಗ್ರಿಯಲ್ಲಿ ಒಂದೂವರೆ ಪಟ್ಟು ಮಾತ್ರ. ನಮ್ಮ ಮನೆಗಳಿಗೆ ಬರುವ ಮಿಶ್ರಣದ ಒತ್ತಡವು ಎರಡರ ಪ್ರಮಾಣಕ್ಕೆ ತಕ್ಕಂತೆ ಇವುಗಳ ನಡುವೆ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಚಳಿಗಾಲದ ಬೆಳಗಿನಲ್ಲಿಯೂ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ತುಂಬುವ ಗಾಳಿಯ ಒತ್ತಡಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ಆದುದರಿಂದ ವಾಲ್ವಿನಲ್ಲಿ ಸೂಜಿಮೊನೆಯಷ್ಟು ಸಂದಿಯಿದ್ದರೂ ಅನಿಲವು ಹೊರಗೆ ನುಗ್ಗುವುದಕ್ಕೆ ಬೇಕಾದಷ್ಟು ಬಲವು ಯಾವ ಋತುವಿನಲ್ಲಿಯೂ ಇದ್ದೇ ಇರುತ್ತದೆ.

ಚಳಿಗಾಲದಲ್ಲಿ ಸಿಲಿಂಡರು ಮುಗಿಯುತ್ತ ಬಂದಾಗ ಉರಿಯು ಮಂದವಾಗುವುದನ್ನು ಗೃಹಿಣಿಯರು ಗಮನಿಸಿರಬಹುದು. ಬೇಗ ಆವಿಯಾಗುವ ಪ್ರೊಪೇನ್ ಮೊದಲು ಹೆಚ್ಚಾಗಿ ಖರ್ಚಾಗಿ, ತಡವಾಗಿ ಆವಿಯಾಗುವ ಬ್ಯೂಟೇನ್ ತಳದಲ್ಲಿ ಉಳಿಯುವುದೇ ಅದಕ್ಕೆ ಕಾರಣ. ಹಿಮ ಬೀಳುವ ದೇಶಗಳಲ್ಲಿ ಬ್ಯೂಟೇನನ್ನು ಬಿಟ್ಟು ಪ್ರೊಪೇನನ್ನೇ ಹೆಚ್ಚಾಗಿ ಬಳಸುವುದೂ ಇದೇ ಕಾರಣದಿಂದ. ಉರಿ ಮಂದವಾದ ಸಿಲಿಂಡರನ್ನು ಬರಿದಾಯಿತೆಂದು ತಿಳಿದು ಮುಚ್ಚಳ ಹಾಕದೆ ಗಾಡಿಗೆ ಎಸೆದು ಪೇಟೆಗೆ ಕಳುಹಿಸುವ ರೂಢಿಯು ಸರಿಯಲ್ಲ. ಬೆಳಗಿನ ಚಳಿಯಲ್ಲಿ ಬರಿದಾದಂತೆ ತೋರಿದ್ದು ಮಧ್ಯಾಹ್ನದ ಬಿಸಿಲಿಗೆ ಮತ್ತೆ ಅನಿಲವನ್ನು ಕೊಡುವುದುಂಟು. ತುಂಬಿದ ಸಿಲಿಂಡರಿಗೆ ತೋರಿಸುವ ಎಚ್ಚರವನ್ನೇ ಖಾಲಿ ಸಿಲಿಂಡರಿಗೂ ತೋರಿಸತಕ್ಕದ್ದು.

ಇನ್ನೆರಡು ಗುಣಗಳನ್ನು ಮನಸ್ಸಿನಲ್ಲಿಡಬೇಕು. ಒಂದು ಲೀಟರು ದ್ರವವು ಹೊರಗೆ ಬಂದರೆ ಸುಮಾರು ೨೫೦ ಲೀಟರು ಅನಿಲವಾಗಿ ಹರಡುತ್ತದೆ. ಈ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ್ದರಿಂದ ಹೊಗೆಯಂತೆ ಮೇಲಕ್ಕೇರದೆ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿದು, ವಾಹನದ ತಳದಲ್ಲಿಯೂ ಚರಂಡಿ, ಹಳ್ಳಗಳಲ್ಲಿಯೂ ನಿಲ್ಲುತ್ತದೆ. ಚಳಿಗಾಲದ ಬೆಳಗಿನಲ್ಲಿ ಗಾಳಿಯು ಬೀಸದೆ ಸ್ತಬ್ಧವಾಗಿರುವುದರಿಂದ ಹೀಗೆ ನಿಂತ ಅನಿಲವು ಬೇಸಗೆಯಲ್ಲಿ ಚದುರಿಹೋಗುವಂತೆ ಬೇಗನೆ ಚದುರುವುದಿಲ್ಲ. ೨೦೨೪ರ ಡಿಸೆಂಬರ್ ೨೦ರಂದು ಸೂರ್ಯೋದಯಕ್ಕೆ ಮುಂಚೆ ರಾಜಸ್ಥಾನದ ಜಯಪುರದ ಹೊರವಲಯದ ಭಾಂಕ್ರೋಟಾ ಎಂಬಲ್ಲಿ ಅನಿಲದ ಟ್ಯಾಂಕರಿಗೆ ಲಾರಿಯೊಂದು ಡಿಕ್ಕಿ ಹೊಡೆದಾಗ, ಸೋರಿದ ಅನಿಲವು ರಸ್ತೆಯ ಉದ್ದಕ್ಕೂ ಹರಡಿದ ಮೇಲೆ ಕಿಡಿ ತಗುಲಿ ಹಲವಾರು ವಾಹನಗಳು ಸುಟ್ಟುಹೋದವು. ಹತ್ತಕ್ಕೂ ಹೆಚ್ಚು ಜನ ಮೃತರಾದರು. ಟ್ಯಾಂಕರಿಗೂ ನಮ್ಮ ಸಿಲಿಂಡರಿಗೂ ಗಾತ್ರದಲ್ಲಿ ಅಂತರವಿದ್ದರೂ ಒಳಗಿರುವ ವಸ್ತುವಿನ ನಡತೆಯು ಒಂದೇ.

ಮುಚ್ಚಿದ ವಾಹನದ ಅಪಾಯ

ಗಾಳಿಯ ನೂರು ಪಾಲಿನಲ್ಲಿ ಈ ಅನಿಲವು ಸುಮಾರು ಎರಡು ಪಾಲು ಸೇರಿದರೆ ಸಾಕು, ಕಿಡಿ ತಗುಲಿದೊಡನೆ ಸ್ಫೋಟವಾಗುವ ಮಿಶ್ರಣವು ಸಿದ್ಧವಾಗುತ್ತದೆ. ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಾಧಾರಣವಾದ ಕಾರಿನ ಒಳಭಾಗದಲ್ಲಿ ಸುಮಾರು ೩,೦೦೦ ಲೀಟರು ಗಾಳಿ ಹಿಡಿಯುತ್ತದೆ. ಇದರ ನೂರಕ್ಕೆ ಎರಡು ಪಾಲೆಂದರೆ ೬೦ ಲೀಟರು ಅನಿಲವಾಯಿತು. ಒಂದು ಲೀಟರು ದ್ರವದಿಂದ ೨೫೦ ಲೀಟರು ಅನಿಲವಾಗುವುದಾದರೆ, ೬೦ ಲೀಟರು ಅನಿಲಕ್ಕೆ ಬೇಕಾದ ದ್ರವವು ಕಾಲು ಲೀಟರಿಗಿಂತಲೂ ಕಡಿಮೆ, ಅಂದರೆ ಒಂದು ದೊಡ್ಡ ಲೋಟದಷ್ಟು. ಮನೆಗೆ ಬರುವ ೧೪.೨ ಕಿಲೋಗ್ರಾಮಿನ ಸಿಲಿಂಡರಿನಲ್ಲಿ ಅಂತಹ ನೂರಕ್ಕೂ ಹೆಚ್ಚು ಲೋಟಗಳಷ್ಟು ದ್ರವವಿರುತ್ತದೆ. ಅನಿಲವು ಭಾರವಾದ್ದರಿಂದ ಇಡೀ ಕಾರನ್ನು ತುಂಬಬೇಕಾದುದೂ ಇಲ್ಲ. ಕಾಲಿಡುವ ತಗ್ಗಿನಲ್ಲಿ ಅರ್ಧ ಲೋಟದ ದ್ರವದಿಂದ ಹುಟ್ಟಿದ ಅನಿಲವು ನಿಂತರೂ ಸಾಕು.

ಬೇಸಗೆಯಲ್ಲಿ ಕಾರಿನ ಕಿಟಕಿಗಳು ತೆರೆದಿರುವುದರಿಂದ ಅಲ್ಪಸ್ವಲ್ಪ ಸೋರಿದರೂ ಗಾಳಿಯು ಹೊತ್ತುಕೊಂಡು ಹೋಗುತ್ತದೆ. ಡಿಸೆಂಬರ್ ತಿಂಗಳ ಬೆಳಗಿನ ಆರು ಗಂಟೆಗೆ ಕಿಟಕಿ ತೆರೆದುಕೊಂಡು ಹೋಗುವವರು ಯಾರು? ಮಂಜು ಒಳಗೆ ಬಾರದಂತೆ ನಾಲ್ಕು ಗಾಜುಗಳನ್ನೂ ಏರಿಸಿ, ಒಳಗಿನ ಬಿಸಿಗಾಳಿಯ ಯಂತ್ರವನ್ನು ಹಾಕಿಕೊಂಡು ಹೋಗುತ್ತಾರೆ. ಇಂಜಿನನ್ನು ಚಾಲೂ ಮಾಡುವ ಮೋಟಾರು, ದೀಪದ ಸ್ವಿಚ್ಚು, ಬಾಗಿಲಿನ ವಿದ್ಯುತ್ ಬೀಗ, ಇವುಗಳಲ್ಲಿ ಯಾವುದರಿಂದಲಾದರೂ ಕಣ್ಣಿಗೆ ಕಾಣದ ಕಿಡಿ ಹಾರಬಹುದು. ಸಿಲಿಂಡರನ್ನು ಕಾರಿನಲ್ಲಿಯೇ ಬಿಟ್ಟು ರಾತ್ರಿಯೆಲ್ಲಾ ನಿಲ್ಲಿಸಿ, ಬೆಳಗ್ಗೆ ಬಂದು ಬೀಗ ತೆಗೆದು ಕೀಲಿ ತಿರುಗಿಸುವುದು ಇವೆಲ್ಲಕ್ಕಿಂತಲೂ ಭಯಂಕರವಾದ ಅಭ್ಯಾಸವು. ಆದುದರಿಂದ ಮುಚ್ಚಿದ ಕಾರಿನಲ್ಲಿ ಸಿಲಿಂಡರನ್ನು ಒಯ್ಯಬಾರದೆಂಬುದೇ ನಮ್ಮ ಸಲಹೆ. ಬೇರೆ ದಾರಿಯೇ ಇಲ್ಲದೆ ಒಂದು ಸಿಲಿಂಡರನ್ನು ಒಯ್ಯಲೇಬೇಕಾದಲ್ಲಿ, ಎಷ್ಟೇ ಚಳಿಯಿದ್ದರೂ ಕಿಟಕಿಗಳನ್ನು ಪೂರ್ಣವಾಗಿ ಇಳಿಸಿ, ಮಕ್ಕಳನ್ನು ಕೂರಿಸಿಕೊಳ್ಳದೆ, ದಾರಿಯಲ್ಲಿ ಎಲ್ಲಿಯೂ ತಂಗದೆ ನೇರವಾಗಿ ಮನೆಗೆ ತಂದು, ಒಡನೆಯೇ ಇಳಿಸಿಬಿಡತಕ್ಕದ್ದು. ಕಂಬಳಿ ಹೊದೆಯುವುದರಿಂದ ಚಳಿಗೆ ಪರಿಹಾರವುಂಟು.

ವಾಸನೆಯ ವಿಷಯದಲ್ಲಿಯೂ ಒಂದು ಮಾತು. ಈ ಅನಿಲಕ್ಕೆ ಸಹಜವಾಗಿ ಹೇಳಿಕೊಳ್ಳುವಂತಹ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಇದರಲ್ಲಿ ಬೆರೆಸುತ್ತಾರೆ. ಆದರೆ ಚಳಿಗಾಲದಲ್ಲಿ ನೆಗಡಿಯಿಂದ ಮೂಗು ಕಟ್ಟಿದವನಿಗೆ ಇದರಿಂದ ಪ್ರಯೋಜನವಿಲ್ಲ. ಮೂಗು ಚೆನ್ನಾಗಿರುವವನಿಗೂ ಅದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಅದು ಅಭ್ಯಾಸವಾಗಿ ತಿಳಿಯದೆ ಹೋಗುತ್ತದೆ. ದ್ರವವು ಜೋರಾಗಿ ಸೋರಿದಾಗ ಅದರ ಶೈತ್ಯದಿಂದ ಗಾಳಿಯಲ್ಲಿನ ತೇವವು ಬಿಳಿಯ ಮಬ್ಬಾಗಿ ಕಾಣಿಸುವುದುಂಟು. ಮಲೆನಾಡಿನ ಬೆಳಗಿನ ಮಂಜಿನಲ್ಲಿ ಅದನ್ನು ಗುರುತಿಸುವುದು ಕಷ್ಟ. ಅನಿಲವಾದರೋ ಆ ಬಿಳಿಯ ಮಬ್ಬಿಗಿಂತ ದೂರಕ್ಕೆ, ಕಣ್ಣಿಗೆ ಕಾಣದೆ ಹರಡಿರುತ್ತದೆ. ಆದುದರಿಂದ ಮೂಗನ್ನೂ ಕಣ್ಣನ್ನೂ ಮಾತ್ರ ನಂಬದೆ, ವಾಹನಕ್ಕೆ ಏರಿಸುವ ಮೊದಲೇ ಪರೀಕ್ಷೆ ಮಾಡುವುದು ಲೇಸು.

ಅಂಗಡಿಗಳಲ್ಲಿ ತುಂಬಿಸುವ ಸಣ್ಣ ಸಿಲಿಂಡರುಗಳು

ಚಳಿಗಾಲದ ಸಾಗಾಣಿಕೆಯಲ್ಲಿ ನಾವು ವಿಶೇಷವಾಗಿ ಎಚ್ಚರಿಸಬೇಕೆಂದಿರುವುದು ಈ ವಿಷಯದಲ್ಲಿಯೇ. ವಿತರಕರಿಂದ ಬರುವ ೫ ಕಿಲೋಗ್ರಾಮಿನ ಸಿಲಿಂಡರುಗಳು ಕಾರ್ಖಾನೆಯಲ್ಲಿ ತೂಕ ಮಾಡಿ ತುಂಬಿದವು. ಅವುಗಳ ಬಗ್ಗೆ ಇಲ್ಲಿ ಹೇಳುತ್ತಿಲ್ಲ. ಪೇಟೆಯ ಕೆಲವು ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಕೊಳವೆಯ ಮೂಲಕ ಕದ್ದು ತುಂಬಿಸಿ ಕೊಡುವ ಪದ್ಧತಿಯಿದೆ. ಕುಯ್ಲಿಗೆ ಬಂದ ಆಳುಗಳೂ, ಒಬ್ಬಂಟಿಗರೂ, ಸಂತೆಯಲ್ಲಿ ತಿಂಡಿ ಮಾಡಿ ಮಾರುವವರೂ ಇವುಗಳನ್ನು ಅಗ್ಗವೆಂದು ಕೊಳ್ಳುತ್ತಾರೆ. ಹೀಗೆ ತುಂಬಿಸುವುದು ಕಾನೂನಿಗೆ ವಿರುದ್ಧ. ಕಾನೂನು ಇದನ್ನು ಏತಕ್ಕೆ ನಿಷೇಧಿಸಿದೆಯೆಂಬುದನ್ನು ಕೆಳಗಿನ ವಿವರಣೆಯಿಂದ ಅರಿಯಬಹುದು.

ಈ ದ್ರವವು ಶಾಖಕ್ಕೆ ಹಿಗ್ಗುವುದು ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಆದುದರಿಂದಲೇ ಕಾರ್ಖಾನೆಯಲ್ಲಿ ಸಿಲಿಂಡರನ್ನು ಕಂಠದವರೆಗೆ ತುಂಬುವುದಿಲ್ಲ. ಮನೆಗೆ ಬರುವ ಸಿಲಿಂಡರಿನಲ್ಲಿ ಸುಮಾರು ೩೩ ಲೀಟರು ನೀರು ಹಿಡಿಯುವಷ್ಟು ಸ್ಥಳವಿದ್ದರೂ ಅದಕ್ಕೆ ತುಂಬುವ ೧೪.೨ ಕಿಲೋಗ್ರಾಮು ದ್ರವವು ಆಕ್ರಮಿಸುವುದು ೨೬ ಲೀಟರಿನಷ್ಟು ಸ್ಥಳವನ್ನು ಮಾತ್ರ. ಉಳಿದ ಐದನೆಯ ಒಂದು ಪಾಲು ಹಿಗ್ಗುವಿಕೆಗೆಂದು ಬಿಟ್ಟಿರುವ ಜಾಗವು. ಅಂಗಡಿಯವನಿಗೆ ತಕ್ಕಡಿಯೂ ಇಲ್ಲ, ಲೆಕ್ಕವೂ ಇಲ್ಲ. ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ತುಂಬುತ್ತಾನೆ. ತಣ್ಣಗಿರುವ ಪಾತ್ರೆಗೆ ದ್ರವವು ಸರಾಗವಾಗಿ ಇಳಿಯುವುದರಿಂದ ಚಳಿಯಲ್ಲಿ ಇನ್ನೂ ಹೆಚ್ಚು ತುಂಬುತ್ತದೆ. ಕೊಂಡವನು ತನಗೆ ಲಾಭವಾಯಿತೆಂದು ಸಂತೋಷಪಡುತ್ತಾನೆ.

ಮುಂಜಾನೆ ೧೦ ಡಿಗ್ರಿಯಲ್ಲಿ ಹೀಗೆ ನೂರಕ್ಕೆ ೯೬ ಅಥವಾ ೯೭ ಪಾಲು ತುಂಬಿದ ಸಿಲಿಂಡರು ಜೀಪಿನ ಹಿಂಭಾಗದಲ್ಲಿ ಬಿಸಿಲಿಗೆ ಸಿಕ್ಕಿ ಮಧ್ಯಾಹ್ನದ ಹೊತ್ತಿಗೆ ೩೦ ಡಿಗ್ರಿಗೆ ಏರಿತೆನ್ನೋಣ. ಈ ೨೦ ಡಿಗ್ರಿಯ ಏರಿಕೆಯಿಂದ ಒಳಗಿನ ದ್ರವವು ನೂರಕ್ಕೆ ಐದರಷ್ಟು ಹಿಗ್ಗುತ್ತದೆ. ಹಿಗ್ಗುವುದಕ್ಕೆ ಜಾಗವು ಮೂರು ನಾಲ್ಕು ಪಾಲು ಮಾತ್ರ. ಜಾಗವು ಮುಗಿದ ಮೇಲೆ ದ್ರವವು ಉಕ್ಕಿನ ಗೋಡೆಯನ್ನೇ ನೂಕತೊಡಗುತ್ತದೆ. ಆಗ ಒಂದೊಂದು ಡಿಗ್ರಿ ಏರಿದಂತೆಯೂ ಒತ್ತಡವು ಮಿತಿಮೀರಿ ಬೆಳೆದು, ತೆಳುವಾದ ತಗಡಿನಿಂದ ಬೆಸೆದ ಆ ಸಿಲಿಂಡರು ಬಿರಿಯುವುದು ಅಥವಾ ಅದರ ವಾಲ್ವು ಕಿತ್ತುಬರುವುದು. ಚಳಿಯಾಗಿದೆಯೆಂದು ಅದನ್ನು ಲೈನುಮನೆಯೊಳಕ್ಕೆ ತಂದು ಒಲೆಯ ಪಕ್ಕದಲ್ಲಿಟ್ಟುಕೊಂಡರೂ ಫಲವು ಇದೇ. ಬೆಳಗಿಗೂ ಮಧ್ಯಾಹ್ನಕ್ಕೂ ಅಂತರವು ಕಡಿಮೆಯಿರುವ ಮಳೆಗಾಲಕ್ಕಿಂತ ಚಳಿಗಾಲದಲ್ಲಿ ಈ ಅಪಾಯವು ಹೆಚ್ಚು. ತೋಟದ ಯಜಮಾನರು ತಮ್ಮ ಆಳುಗಳಿಗೆ ವಿತರಕರಿಂದಲೇ ಸಣ್ಣ ಸಿಲಿಂಡರುಗಳನ್ನು ಕೊಡಿಸಿ, ಕದ್ದು ತುಂಬಿಸಿದ ಸಿಲಿಂಡರು ತೋಟದ ಗೇಟಿನೊಳಗೆ ಬಾರದಂತೆ ನೋಡಿಕೊಂಡರೆ ಅದು ಅವರಿಗೆ ಆಗುವ ಅಲ್ಪ ವೆಚ್ಚಕ್ಕೆ ಮೀರಿದ ಉಪಕಾರವಾಗುವುದು.

ನಿಯಮಗಳು

ಸಿಲಿಂಡರುಗಳ ಸಾಗಾಣಿಕೆಗೆ ೨೦೧೬ರ ಗ್ಯಾಸ್ ಸಿಲಿಂಡರು ನಿಯಮಗಳು ಅನ್ವಯಿಸುತ್ತವೆ. ನಿಯಮಗಳ ಭಾಷೆಯು ಕಠಿಣವಾದರೂ ತಾತ್ಪರ್ಯವು ಸುಲಭ. ಬೈಸಿಕಲ್ಲಿನಲ್ಲಾಗಲಿ ಎರಡು ಚಕ್ರದ ಮೋಟಾರು ವಾಹನಗಳಲ್ಲಾಗಲಿ ತುಂಬಿದ ಸಿಲಿಂಡರನ್ನು ಒಯ್ಯಕೂಡದು. ಹಳ್ಳಿಗಳಲ್ಲಿ ಹೆಚ್ಚಾಗಿ ಮುರಿಯಲ್ಪಡುವ ನಿಯಮವು ಇದೇ. ಮೂವತ್ತು ಕಿಲೋಗ್ರಾಮಿನ ಸಮೀಪದ ಭಾರವನ್ನು ಮೋಟಾರ್ ಸೈಕಲ್ಲಿನ ಹಿಂಬದಿಗೆ ಕಟ್ಟಿಕೊಂಡು, ಇಬ್ಬನಿಯಿಂದ ಜಾರುವ ಘಾಟಿಯ ತಿರುವುಗಳಲ್ಲಿ ಮಂಜಿನೊಳಗೆ ಬರುವವನನ್ನು ಕಂಡಾಗ ತಡೆದು ಬುದ್ಧಿ ಹೇಳುವುದು ಮುಖಂಡರ ಕರ್ತವ್ಯ. ಸಿಲಿಂಡರುಗಳು ವಾಹನದ ಅಂಚನ್ನು ಮೀರಿ ಹೊರಗೆ ಚಾಚಿಕೊಂಡಿರಬಾರದು; ಒಂದಕ್ಕೊಂದು ಡಿಕ್ಕಿ ಹೊಡೆಯದಂತೆಯೂ ಉರುಳದಂತೆಯೂ ಭದ್ರವಾಗಿ ಬಿಗಿದಿರಬೇಕು; ಒಳಗೆ ಚೂಪಾದ ಮೊನೆಗಳಿರಬಾರದು; ಬೇಗ ಹೊತ್ತಿಕೊಳ್ಳುವ ಅಥವಾ ಲೋಹವನ್ನು ತಿನ್ನುವ ಪದಾರ್ಥಗಳ ಜೊತೆಯಲ್ಲಿಯೂ, ಬೇರೆ ಬಗೆಯ ಅನಿಲದ ಸಿಲಿಂಡರುಗಳ ಜೊತೆಯಲ್ಲಿಯೂ ಒಯ್ಯಬಾರದು. ಡೀಸೆಲ್ ಡಬ್ಬ, ಪೆಟ್ರೋಲು, ಆಮ್ಲ ತುಂಬಿದ ಬ್ಯಾಟರಿ, ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರು, ಇವುಗಳನ್ನು ಒಂದೇ ಟ್ರೈಲರಿನಲ್ಲಿ ಹೇರಿ ಒಂದು ಬಾಡಿಗೆ ಉಳಿಸುವ ಲೆಕ್ಕಾಚಾರವನ್ನು ಬಿಡಬೇಕು.

ರೈಲಿನಲ್ಲಿ ಸಿಲಿಂಡರನ್ನು ಒಯ್ದರೆ ೧೯೮೯ರ ರೈಲ್ವೆ ಕಾಯಿದೆಯ ಪ್ರಕಾರ ಮೂರು ವರ್ಷಗಳವರೆಗೆ ಕಾರಾಗೃಹ ಶಿಕ್ಷೆಯಾಗಬಹುದು. ೨೦೨೩ರ ಆಗಸ್ಟ್ ೨೬ರಂದು ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯೊಂದರಲ್ಲಿ ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿಯೆದ್ದು ಒಂಬತ್ತು ಮಂದಿ ಯಾತ್ರಿಕರು ಮಡಿದರು. ಊರಿನಿಂದ ಗುಂಪಾಗಿ ಯಾತ್ರೆ ಹೊರಡುವವರಿಗೆ ಈ ಸಂಗತಿಯನ್ನು ತಿಳಿಸಿ, ಪಾತ್ರೆಪಡಗಗಳ ಜೊತೆಗೆ ಸಿಲಿಂಡರು ಸೇರದಂತೆ ನೋಡಿಕೊಳ್ಳತಕ್ಕದ್ದು. ಯಾತ್ರೆಯ ಬಸ್ಸಿನ ವಿಷಯದಲ್ಲಿಯೂ ಹೀಗೆಯೇ.

ಪರವಾನಗಿಯಿಲ್ಲದೆ ಒಂದು ಸ್ಥಳದಲ್ಲಿ ಇಟ್ಟುಕೊಳ್ಳಬಹುದಾದ ಅನಿಲವು ಒಟ್ಟು ೧೦೦ ಕಿಲೋಗ್ರಾಮನ್ನು ಮೀರಬಾರದು. ಎಂದರೆ ೧೪.೨ ಕಿಲೋಗ್ರಾಮಿನವು ಏಳು, ೧೯ ಕಿಲೋಗ್ರಾಮಿನವು ಐದು. ದೊಡ್ಡ ಸಮಾರಂಭಕ್ಕೆ ಇದಕ್ಕಿಂತ ಹೆಚ್ಚು ಬೇಕಾದಲ್ಲಿ ಎಲ್ಲವನ್ನೂ ಒಂದೇ ಸಲ ತಂದು ರಾಶಿ ಹಾಕದೆ, ಖಾಲಿಯಾದಂತೆಲ್ಲಾ ಬದಲಾಯಿಸಿ ಕೊಡುವಂತೆ ವಿತರಕರೊಡನೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು. ೨೦೨೨ರ ಡಿಸೆಂಬರ್ ೮ರಂದು ಜೋಧಪುರ ಜಿಲ್ಲೆಯ ಭುಂಗ್ರಾ ಎಂಬ ಹಳ್ಳಿಯ ಮದುವೆಯ ಮನೆಯಲ್ಲಿ, ದಿಬ್ಬಣವು ಹೊರಡುವ ಸಡಗರದಲ್ಲಿದ್ದಾಗ, ಸಿಲಿಂಡರು ಸೋರಿ ಹೊತ್ತಿಕೊಂಡ ಬೆಂಕಿಗೆ ಮೂವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಮದುವೆಯ ಮನೆಯಲ್ಲಿ ಎಲ್ಲಕ್ಕೂ ಒಬ್ಬೊಬ್ಬ ಯಜಮಾನನಿರುತ್ತಾನೆ. ಚಪ್ಪರಕ್ಕೆ ಒಬ್ಬ, ಉಗ್ರಾಣಕ್ಕೆ ಒಬ್ಬ. ಸಿಲಿಂಡರುಗಳನ್ನು ತರುವ, ಇಡುವ, ಹಿಂದಿರುಗಿಸುವ ಕೆಲಸಕ್ಕೂ ತಿಳಿವಳಿಕೆಯುಳ್ಳ ಒಬ್ಬನನ್ನು ನೇಮಿಸುವ ಪದ್ಧತಿಯು ನಮ್ಮ ಊರುಗಳಲ್ಲಿ ಇನ್ನೂ ಬರಬೇಕಾಗಿದೆ.

ಹೇರುವ ಕ್ರಮ

ಸಿಲಿಂಡರನ್ನು ಪಡೆಯುವಾಗಲೇ ಅದರ ಸೀಲು, ಮುಚ್ಚಳಗಳನ್ನು ನೋಡಬೇಕು. ಕತ್ತಿನ ಸುತ್ತಲಿನ ಪಟ್ಟಿಗಳಲ್ಲೊಂದರ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕಿಗಳೂ ಬರೆದಿರುತ್ತವೆ. ಅಕ್ಷರವು ಎ ಆದರೆ ಮಾರ್ಚಿ, ಬಿ ಆದರೆ ಜೂನ್, ಸಿ ಆದರೆ ಸೆಪ್ಟೆಂಬರ್, ಡಿ ಆದರೆ ಡಿಸೆಂಬರ್ ಕೊನೆಯವರೆಗೆಂದೂ, ಅಂಕಿಯು ವರ್ಷವೆಂದೂ ತಿಳಿಯತಕ್ಕದ್ದು. ಆ ಅವಧಿಯೊಳಗೆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳುಹಿಸಬೇಕೆಂದು ಅದರ ಅರ್ಥ. ಅವಧಿ ಮೀರಿದ ಸಿಲಿಂಡರನ್ನು ವಾಹನಕ್ಕೆ ಏರಿಸುವ ಮೊದಲೇ ಹಿಂದಕ್ಕೆ ಕೊಡಬಹುದು.

ಬಳಿಕ ಸೀಲನ್ನು ತೆಗೆದು, ಮುಚ್ಚಳವನ್ನೆತ್ತಿ, ವಾಲ್ವಿನ ಬಾಯಿಗೆ ಸಾಬೂನಿನ ನೊರೆಯನ್ನು ಹಚ್ಚಿ ನೋಡಬೇಕು. ಗುಳ್ಳೆಗಳು ಎದ್ದರೆ ಅನಿಲವು ಸೋರುತ್ತಿದೆಯೆಂದು ಅರ್ಥ. ವಾಲ್ವಿನೊಳಗಿನ ಸಣ್ಣ ರಬ್ಬರಿನ ಬಳೆಯು ಇದೆಯೇ, ಸವೆದಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಶೂರರು ಈಗಲೂ ಇದ್ದಾರೆಂದು ಕೇಳಿದ್ದೇವೆ. ಅವರಿಗೆ ಹೇಳತಕ್ಕದ್ದೇನೂ ಇಲ್ಲ. ಪರೀಕ್ಷೆಯಾದ ಮೇಲೆ ನೂಲಿನಿಂದ ಕಟ್ಟಿರುವ ಮುಚ್ಚಳವನ್ನು ವಾಲ್ವಿನ ಮೇಲೆ ಒತ್ತಿ ಗಟ್ಟಿಯಾಗಿ ಕೂರಿಸಿಯೇ ವಾಹನಕ್ಕೆ ಏರಿಸಬೇಕು. ರೆಗ್ಯುಲೇಟರನ್ನು ತಗುಲಿಸಿಕೊಂಡು ಸಿಲಿಂಡರನ್ನು ಎಂದಿಗೂ ಸಾಗಿಸಕೂಡದು.

ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಬೇಕು. ನಿಂತಿರುವಾಗ ವಾಲ್ವಿನ ಬಳಿಯಲ್ಲಿರುವುದು ಆವಿ. ಮಲಗಿಸಿದಾಗ ಅಲ್ಲಿಗೆ ದ್ರವವು ಬರುತ್ತದೆ. ಒಂದೇ ಸಂದಿಯಿಂದ ಆವಿಯು ಸೋರುವುದಕ್ಕೂ, ಇನ್ನೂರೈವತ್ತು ಪಟ್ಟು ಹಿಗ್ಗುವ ದ್ರವವು ಸೋರುವುದಕ್ಕೂ ಎಷ್ಟು ವ್ಯತ್ಯಾಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದ್ರವವು ಕೈಗೆ ತಗುಲಿದರೆ ಅದರ ಶೈತ್ಯದಿಂದಲೇ ಬೆಂಕಿ ಸುಟ್ಟಂತೆ ಬೊಬ್ಬೆಯೇಳುತ್ತದೆ.

ಟ್ರ್ಯಾಕ್ಟರಿನ ಟ್ರೈಲರು ತೆರೆದಿರುವುದರಿಂದ ಕಾರಿಗಿಂತ ಉತ್ತಮವಾದ ವಾಹನ. ಆದರೆ ಅದರ ಕುಲುಕಾಟವು ಹೆಚ್ಚು. ತಳಕ್ಕೆ ಖಾಲಿ ಗೋಣಿಚೀಲಗಳನ್ನು ಮಡಿಸಿ ಹಾಸಿ, ಸಿಲಿಂಡರುಗಳನ್ನು ಮುಂಭಾಗದ ಹಲಗೆಗೆ ಒತ್ತಿ ನಿಲ್ಲಿಸಿ, ನಡುವಿಗೂ ಕತ್ತಿಗೂ ಎರಡು ಸುತ್ತು ಹಗ್ಗ ಹಾಕಿ ಬಿಗಿಯಬೇಕು. ಹುಲ್ಲನ್ನು ಹಾಸುವುದು ಸಲ್ಲದು. ನೇಗಿಲು, ಕುಂಟೆ, ಕಬ್ಬಿಣದ ಸಲಾಕೆಗಳು ಅದೇ ಟ್ರೈಲರಿನಲ್ಲಿ ಇರಬಾರದು. ಇಬ್ಬನಿಗೆ ನೆನೆಯುತ್ತದೆಯೆಂದು ಟಾರ್ಪಾಲು ಹೊದಿಸುವ ರೂಢಿಯುಂಟು. ಸಿಲಿಂಡರು ನೆನೆದರೆ ಹಾನಿಯಿಲ್ಲ, ಟಾರ್ಪಾಲಿನ ಕೆಳಗೆ ಅನಿಲವು ಕಟ್ಟಿ ನಿಂತರೆ ಹಾನಿಯುಂಟು. ಎತ್ತಿನ ಗಾಡಿಯಲ್ಲಿ ತರುವವರು ಗಾಡಿಯ ಕೆಳಗೆ ಲಾಂದ್ರವನ್ನು ತೂಗುಹಾಕಕೂಡದು.

ಕುಯ್ಲಿನ ದಿನಗಳಲ್ಲಿ ಬೆಳಕು ಹರಿಯುವ ಮುನ್ನ ಆಳುಗಳನ್ನು ಟ್ರೈಲರಿನಲ್ಲಿಯೋ ಪಿಕಪ್ ವಾಹನದಲ್ಲಿಯೋ ಕೂರಿಸಿಕೊಂಡು, ಅವರ ನಡುವೆಯೇ ಸಿಲಿಂಡರನ್ನು ಇಟ್ಟುಕೊಂಡು ಹೋಗುವುದನ್ನು ಕಾಣುತ್ತೇವೆ. ಚಳಿಗೆ ಒಬ್ಬನು ಬೀ‌ಡಿ ಹಚ್ಚಿದರೆ ಹತ್ತು ಜನರ ಪ್ರಾಣವು ಅದರ ತುದಿಯಲ್ಲಿರುತ್ತದೆ. ಜನರಿಗೊಂದು ಸರದಿ, ಸಿಲಿಂಡರಿಗೊಂದು ಸರದಿ ಎಂದು ಮಾಡಿದರೆ ಅರ್ಧ ಗಂಟೆ ತಡವಾಗಬಹುದು, ಅಷ್ಟೆ. ಸಾಧ್ಯವಾದಲ್ಲಿ ಸಿಲಿಂಡರುಗಳನ್ನು ಬಿಸಿಲೇರಿ ಮಂಜು ಕರಗಿದ ಮೇಲೆ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಸಾಗಿಸುವುದು ಮೇಲು. ದಾರಿಯೂ ಕಾಣುತ್ತದೆ, ಗಾಳಿಯೂ ಆಡುತ್ತಿರುತ್ತದೆ.

ಇಳಿಸುವಾಗ ಮೇಲಿನಿಂದ ಕಲ್ಲುನೆಲಕ್ಕೆ ಕೆಡವುವುದು, ಮಲಗಿಸಿ ಕಾಲಿನಿಂದ ಉರುಳಿಸುವುದು ಕೂಡದು. ಇಬ್ಬರು ಹಿಡಿದು ಇಳಿಸಿ, ನೆಲಮಟ್ಟಕ್ಕಿಂತ ತಗ್ಗಲ್ಲದ, ಗಾಳಿಯಾಡುವ ಸ್ಥಳದಲ್ಲಿ ನಿಲ್ಲಿಸಬೇಕು. ನೆಲಮಾಳಿಗೆಯಲ್ಲಾಗಲಿ ಕಣಜದ ಕೋಣೆಯಲ್ಲಾಗಲಿ ಇಡಬಾರದು. ಕೋಳಿಯ ಮನೆಯವರು ಮರಿಗಳಿಗೆ ಮೊದಲ ವಾರದಲ್ಲಿ ೩೨ರಿಂದ ೩೫ ಡಿಗ್ರಿಯ ಶಾಖವನ್ನು ಕೊಡಬೇಕಾಗುವುದರಿಂದ, ಚಳಿಯಲ್ಲಿ ಸಿಲಿಂಡರಿನಿಂದ ಅನಿಲವನ್ನು ಬಹು ವೇಗವಾಗಿ ಎಳೆಯುತ್ತಾರೆ. ಆಗ ಸಿಲಿಂಡರಿನ ಮೈ ಬೆವರಿ, ಒಮ್ಮೊಮ್ಮೆ ಹಿಮಗಟ್ಟಿ, ಉರಿಯು ಕುಗ್ಗುತ್ತದೆ. ಅದಕ್ಕೆ ಪರಿಹಾರವು ಕುದಿಯುವ ನೀರನ್ನು ಹೊಯ್ಯುವುದಲ್ಲ, ಕೆಂಡವನ್ನು ಪಕ್ಕದಲ್ಲಿಡುವುದಲ್ಲ. ತಿಳಿದವರಿಂದ ಎರಡು ಮೂರು ಸಿಲಿಂಡರುಗಳನ್ನು ಒಂದೇ ಕೊಳವೆಗೆ ಜೋಡಿಸಿಕೊಂಡು ಭಾರವನ್ನು ಹಂಚುವುದು. ಸಿಲಿಂಡರುಗಳು ಕೋಳಿಯ ಮನೆಯ ಹೊರಗೆ ಇರತಕ್ಕದ್ದು.

ವಿತರಕರಿಂದ ಮನೆಬಾಗಿಲಿಗೆ ತರಿಸಿಕೊಳ್ಳುವ ಅನುಕೂಲವಿದ್ದಲ್ಲಿ ಅದನ್ನು ಬಿಡಬಾರದು. ಸಿಲಿಂಡರಿನ ಬೆಲೆಯಲ್ಲಿ ಮನೆಗೆ ಮುಟ್ಟಿಸುವ ವೆಚ್ಚವು ಸೇರಿರುತ್ತದೆ; ಗೋದಾಮಿನಿಂದ ತಾವೇ ಒಯ್ಯುವವರಿಗೆ ಅಷ್ಟನ್ನು ಕಡಿತ ಮಾಡಿಕೊಡಬೇಕೆಂಬ ನಿಯಮವೂ ಉಂಟು. ಒಳಗಿನ ಹಳ್ಳಿಯ ಹತ್ತು ಮನೆಯವರು ಒಂದಾಗಿ ಒಂದೇ ದಿನಕ್ಕೆ ಬೇಡಿಕೆ ಕಳುಹಿಸಿದರೆ ವಿತರಕರ ವಾಹನವು ಅಲ್ಲಿಯವರೆಗೆ ಬರುವುದು ಸುಲಭವಾಗುತ್ತದೆ. ಈ ಏರ್ಪಾಡನ್ನು ಊರಿನ ಮುಖಂಡರು ಮಾಡಿಸಬಹುದು.

ದಾರಿಯಲ್ಲಿ ಸೋರಿದರೆ

ವಾಸನೆ ಬಂದೊಡನೆ ವಾಹನವನ್ನು ಬಯಲಾದ ಸ್ಥಳದಲ್ಲಿ ನಿಲ್ಲಿಸಿ ಇಂಜಿನನ್ನು ಆರಿಸಬೇಕು. ಆಮೇಲೆ ದೀಪ, ಹಾರನ್ನು, ಕೀಲಿ ಯಾವುದನ್ನೂ ಮುಟ್ಟದೆ ಎಲ್ಲರೂ ಇಳಿದು, ಗಾಳಿ ಬರುವ ದಿಕ್ಕಿಗೆ, ಸಾಧ್ಯವಾದಷ್ಟು ಎತ್ತರದ ಕಡೆಗೆ ಸರಿಯಬೇಕು. ತಗ್ಗಿನ ಕಡೆಗೆ ಓಡಬಾರದು. ಬಾಗಿಲುಗಳನ್ನು ತೆರೆದೇ ಬಿಡುವುದು. ಸೋರಿಕೆಯು ಅಲ್ಪವಾಗಿದ್ದು ಸಿಲಿಂಡರು ತೆರೆದ ವಾಹನದಲ್ಲಿದ್ದರೆ, ತಿಳಿದವನೊಬ್ಬನು ಮುಚ್ಚಳವನ್ನು ವಾಲ್ವಿನ ಮೇಲೆ ಒತ್ತಿ ಕೂರಿಸಿ ನೋಡಬಹುದು. ಹೆಚ್ಚಿನ ಸೋರಿಕೆಗಳು ಇಷ್ಟರಿಂದಲೇ ನಿಲ್ಲುತ್ತವೆ. ನಿಲ್ಲದಿದ್ದಲ್ಲಿ ಸಾಹಸಕ್ಕೆ ಹೋಗದೆ ದೂರದಲ್ಲಿ ನಿಂತು, ಎರಡೂ ಕಡೆಯಿಂದ ಬರುವ ವಾಹನಗಳನ್ನು ಬಹಳ ಮುಂಚೆಯೇ ತಡೆಯಬೇಕು. ಹತ್ತಿರದ ಮನೆಗಳಲ್ಲಿ ಒಲೆಗಳನ್ನೂ, ಚಳಿಕಾಯಿಸುವ ಬೆಂಕಿಯನ್ನೂ ಆರಿಸುವಂತೆ ಹೇಳಿ ಕಳುಹಿಸಬೇಕು. ಬೆಂಕಿ ಹತ್ತಿಕೊಂಡಿದ್ದರೆ ಸಿಲಿಂಡರಿನ ಹತ್ತಿರ ಯಾರೂ ಹೋಗಕೂಡದು.

ಅನಿಲದ ಸೋರಿಕೆಯನ್ನು ತಿಳಿಸುವುದಕ್ಕೆ ಹಗಲಿರುಳೂ ಕೆಲಸ ಮಾಡುವ ದೂರವಾಣಿಯ ಸಂಖ್ಯೆ ೧೯೦೬. ಬೆಂಕಿಯಾದಲ್ಲಿ ೧೦೧ ಅಥವಾ ೧೧೨. ವಾಹನದಿಂದ ದೂರಕ್ಕೆ ಬಂದ ಮೇಲೆಯೇ ದೂರವಾಣಿಯನ್ನು ಬಳಸಿ, ಊರಿನ ಹೆಸರು, ತಾಲ್ಲೂಕು, ಹತ್ತಿರದ ಮೈಲಿಕಲ್ಲು ಅಥವಾ ಸೇತುವೆ, ಸಿಲಿಂಡರುಗಳ ಸಂಖ್ಯೆ, ಯಾವ ಕಂಪೆನಿಯವು ಎಂಬಿಷ್ಟನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಈ ಮೂರು ಸಂಖ್ಯೆಗಳನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ, ಟ್ರ್ಯಾಕ್ಟರು, ಜೀಪುಗಳ ಮುಂಭಾಗದಲ್ಲಿಯೂ ಎಲ್ಲರಿಗೂ ಕಾಣುವಂತೆ ಬಣ್ಣದಲ್ಲಿ ಬರೆಸಿಡಬಹುದು.